ಹನ್ನೊಂದು ಹಸಿರು ಎಳೆ

ಇಲಿ ಕಡಿಯಲಿಲ್ಲ, ನಾನೇ ಬಿಚ್ಚಿದೆ. ಆ ಬಟ್ಟೆಯ ನಕ್ಷೆಯನ್ನು ಇಲಿ ಹಾಳು ಮಾಡಿತು ಅಂತ ನಮ್ಮ ಕೇರಿಯವರು ಹತ್ತು ವರ್ಷ ಹೇಳಿಕೊಂಡು ಬಂದರು. ನಾನೂ ಹ್ಞೂಂ ಅಂದುಕೊಂಡು ಬಂದೆ.

ನಕ್ಷೆ ಮಾಡಿದಾಕೆಯ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕವಳಿದ್ದಾಗ ಖೋಖೋ ಆಡುತ್ತಾ ಕಂಬಕ್ಕೆ ಬಡಿದು ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದಳು. ಪ್ರತಿ ಭಾನುವಾರ ಬೂಟು ತೊಳೆದು, ಸೀಮೆಸುಣ್ಣ ನೆನೆಸಿ ಬಳಿದು, ನಮ್ಮ ಹಿತ್ತಲ ಗೋಡೆಯ ಮೇಲೆ ಒಣಗಲು ಇಡುವಳು. ಸೀರೆಗೆ ಬೂಟು ಹಾಕಿದ ಹೆಂಗಸನ್ನು ದೊಡ್ಡಬಳ್ಳಾಪುರದ ನಮ್ಮ ನೇಕಾರರ ಕೇರಿ ಅದುವರೆಗೆ ನೋಡಿರಲಿಲ್ಲ. ಮೊದಲ ವಾರ ಹೆಂಗಸರು ನಲ್ಲಿಯ ಹತ್ತಿರ ನಕ್ಕರು. ಎರಡನೇ ವಾರಕ್ಕೆ ಅವರ ಹೆಣ್ಣುಮಕ್ಕಳೆಲ್ಲ ಆಕೆಯ ಹಿಂದೆ ಓಡುತ್ತಿದ್ದವು. ನಗು ನಿಂತಿತು.

ಹೈಸ್ಕೂಲಿಗೆ ಡ್ರಿಲ್ ಟೀಚರ್ ಆಗಿ ಬಂದವಳು, ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಮೈಸೂರು ಕಡೆಯವಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು, ಮದುವೆಯಾಗಿರಲಿಲ್ಲ. ಅಡುಗೆ ಏನೂ ಬರುತ್ತಿರಲಿಲ್ಲ. ಅವಳ ಸಾರು ಕುಡಿದರೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಬೆಳಗಿನ ಜಾವ ಎದ್ದು ಕೋಣೆಯ ಮುಂದೆ ಇನ್ನೂರು ಸಲ ನಿಂತಲ್ಲೇ ನೆಗೆಯುತ್ತಿದ್ದಳು. ಆ ಧಪಧಪ ಸದ್ದಿಗೆ ನನ್ನ ಮಗಳು ಹಾಸಿಗೆ ಬಿಟ್ಟು ಎದ್ದು ಹೋಗುತ್ತಿತ್ತು. ನಾನು ಕೂಗಿದರೆ ಏಳದ ಹುಡುಗಿ.

ಮಗಳು ನನಗೆ ಕೊನೆಯದು, ಇದ್ದೊಂದೇ ಹೆಣ್ಣು. ಆಗ ಹದಿಮೂರು. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವುದು ನನ್ನ ಕೆಲಸವಾಗಿತ್ತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರುವ ಮುಂಚೆ, ಮಗ್ಗದ ಸದ್ದು ಶುರುವಾಗುವ ಮುಂಚೆ, ಅದೊಂದು ಹೊತ್ತು ಅವಳು ನನ್ನ ಮೊಣಕಾಲ ಮಧ್ಯೆ ಕೂತಿರುತ್ತಿದ್ದಳು. ಒಂದು ದಿನ ಬಾಚಣಿಗೆ ಹಿಡಿದು ಕರೆದರೆ, ಎರಡು ಜಡೆ ಮಡಿಸಿ ರಿಬ್ಬನ್ ಬಿಗಿದುಕೊಂಡು ಹಿತ್ತಲಿಂದ ಬಂದಳು.

"ಯಾರೇ ಹಾಕಿದ್ದು?"

"ಟೀಚರು. ಅವ್ರು ಹಾಕಿದ್ರೆ ಓಡುವಾಗ ಬಿಚ್ಕೊಳಲ್ಲ ಕಣಮ್ಮ."

ನಾನು ಹಾಕಿದ ಜಡೆ ಬಿಚ್ಚಿಕೊಳ್ಳುತ್ತದೆ ಅಂತ ಹದಿಮೂರು ವರ್ಷ ಹೇಳದವಳು ಆವತ್ತು ಹೇಳಿದಳು. ಬಾಚಣಿಗೆಯನ್ನು ಗೂಡಿಗೆ ಎಸೆದೆ. ಅದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ?

ಇನ್ನು ನಕ್ಷೆ. ಆಕೆ ತನ್ನ ಹಳೆಯ ದುಪ್ಪಟಿಯ ಮೇಲೆ ನಮ್ಮ ತಾಲ್ಲೂಕನ್ನು ಇದ್ದಲಿನಲ್ಲಿ ಬರೆದು, ಆಮೇಲೆ ಕಪ್ಪು ದಾರದಲ್ಲಿ ಹೊಲಿದಳು. ಒಂದೊಂದು ಊರಿಗೂ ಒಂದೊಂದು ಅಂಗೈಯಷ್ಟು ಬಟ್ಟೆ ತುಂಡು, ಮೇಲಂಚು ಮಾತ್ರ ಹೊಲಿದದ್ದು. ಮಕ್ಕಳು ಅದನ್ನು ರೆಪ್ಪೆ ಅನ್ನುತ್ತಿದ್ದರು. ರೆಪ್ಪೆಯ ಮೇಲೆ ಬಣ್ಣದ ಎಳೆಗಳ ಗಂಟು. ಆ ಊರಲ್ಲಿ ಒಬ್ಬ ಹುಡುಗಿ ಆಡಿದರೆ ಒಂದು ಎಳೆ. ಕೆಂಪು ಕಬಡ್ಡಿಗೆ, ಹಸಿರು ಖೋಖೋಗೆ, ಹಳದಿ ಓಟಕ್ಕೆ. ರೆಪ್ಪೆ ಎತ್ತಿದರೆ ಒಳಗೆ ಆ ಊರಲ್ಲಿ ಆಡಲು ಏನಿದೆ ಅನ್ನುವುದು: ಬಯಲಿದ್ದರೆ ಅಂಗಿಯ ಗುಂಡಿ, ನೆಟ್ಟ ಕಂಬವಿದ್ದರೆ ಬೆಂಕಿಕಡ್ಡಿ, ಏನೂ ಇಲ್ಲದಿದ್ದರೆ ಬರೀ ಬಟ್ಟೆ. ಓದು ಬರದವರೂ ಕೈಯಲ್ಲಿ ಎತ್ತಿ ನೋಡಿ ತಿಳಿದುಕೊಳ್ಳಬಹುದಿತ್ತು. ನಾನು ಮೂರನೇ ಕ್ಲಾಸು. ನನಗೂ ತಿಳಿಯಿತು.

ದಾರ ನನ್ನ ಮನೆಯದೇ. ಮಗ್ಗದಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ನಾನು ಎಸೆಯುವವಳಲ್ಲ. ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ ಸುತ್ತಿ, ನಡುವೆ ಎರಡು ಸುತ್ತು ಬಿಗಿದು, ಬುಟ್ಟಿಗೆ ಹಾಕುತ್ತಿದ್ದೆ. ಆಕೆ ಒಂದು ಸಂಜೆ ಕೂತು ಅದನ್ನೇ ನೋಡಿದಳು.

"ಹೀಗ್ಯಾಕೆ ಸುತ್ತೋದು ಅಕ್ಕಾ?"

"ಸಿಕ್ಕಾಗಲ್ಲ. ಎಳೆ ಎಸೆದ್ರೆ ಮನೆಗೆ ಆಗಿಬರಲ್ಲ."

"ಕೇರಿಯವರೆಲ್ಲ ಹೀಗೇ ಸುತ್ತುತಾರಾ?"

"ಒಬ್ಬೊಬ್ಬರ ಕೈ ಒಂದೊಂದು ಥರ. ನಡುವೆ ಎರಡು ಸುತ್ತು ನಮ್ಮಮ್ಮಂದು."

ಆಕೆಗೊಂದು ನಿಯಮವಿತ್ತು. ಯಾರು ಆಡುತ್ತಾರೋ ಅವರೇ ಬಂದು ಗಂಟು ಹಾಕಬೇಕು. ತಾನು ಯಾರ ಪರವಾಗಿಯೂ ಹಾಕುತ್ತಿರಲಿಲ್ಲ. ಭಾನುವಾರ ನಕ್ಷೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿಗೆ ಹೋಗುವಳು, ಜೊತೆಗೆ ನನ್ನ ಮಗಳು. ದಿನ ಕಳೆದಂತೆ ಹಳ್ಳಿಯವರೇ ನಮ್ಮ ಹಿತ್ತಲಿಗೆ ಬರತೊಡಗಿದರು. ಪಕ್ಕದ ಊರಿನ ರೆಪ್ಪೆ ಎತ್ತಿ ನೋಡುವುದು, ಉರಿದುಕೊಳ್ಳುವುದು. ಕೆರೆಯಾಚೆ ಹಳ್ಳಿಯಿಂದ ಒಬ್ಬರು ಗೌಡರು ಬಂದರು. ಅವರ ಊರಿನ ಮೇಲೆ ಎರಡೇ ಹಸಿರು, ನಮ್ಮ ಕೇರಿಯ ಮೇಲೆ ಹನ್ನೊಂದು.

"ಏನಮ್ಮ ಇದು, ನೇಕಾರರ ಕೇರೀಲಿ ಹನ್ನೊಂದು, ನಮ್ಮೂರಲ್ಲಿ ಎರಡಾ? ಹಾಕಮ್ಮ, ನಮಗೂ ಒಂದ್ಹತ್ತು ಗಂಟು ಹಾಕು."

"ಹುಡುಗೀರನ್ನ ಕರ್ಕೊಂಡ್ಬನ್ನಿ ಗೌಡ್ರೇ. ಅವ್ರೇ ಹಾಕ್ಲಿ."

"ನನ್ನ ಮಾತು ಸಾಲ್ದಾ?"

"ಖೋಖೋ ನೀವು ಆಡ್ತೀರಾ?"

ಗೌಡರು ಮೀಸೆ ಸವರಿಕೊಂಡು ಹೋದರು. ಮುಂದಿನ ಭಾನುವಾರ ಟ್ರ್ಯಾಕ್ಟರಿನಲ್ಲಿ ಏಳು ಹುಡುಗಿಯರನ್ನು ತುಂಬಿಕೊಂಡು ಬಂದೇಬಿಟ್ಟರು. ಆಕೆ ಅವರನ್ನು ಬೀದಿಯಲ್ಲಿ ಓಡಿಸಿ ನೋಡಿದಳು, ಆಮೇಲೆ ದಾರ ಕೊಟ್ಟಳು. ಹಳ್ಳಿಗೆ ಒಂಬತ್ತಾಯಿತು.

ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು ಬಿಳಿ ಎಳೆ. ಒಂದು ಕಾಲಕ್ಕೆ ಆಡುತ್ತಿದ್ದು ಬಿಟ್ಟವರದು. ಅದನ್ನು ಹಾಕಲು ಬಸುರಿಯರು ಬಂದರು, ಹಲ್ಲು ಬಿದ್ದವರು ಬಂದರು. ಒಂದು ದಿನ ಆಕೆ ನನ್ನ ಮುಂದೆಯೂ ಬಿಳಿ ದಾರ ಹಿಡಿದಳು.

"ನೀವೇನು ಆಡ್ತಿದ್ರಿ ಅಕ್ಕಾ?"

"ನಾನು ಹುಟ್ಟಿದ್ದು ಹೊಸಕೋಟೆ ತಾಲ್ಲೂಕು, ಜಡಿಗೇನಹಳ್ಳಿ. ನಾನು ಆಡಿದ ಊರು ನಿಮ್ಮ ಬಟ್ಟೆ ಮೇಲಿಲ್ಲ ತಾಯಿ" ಅಂದೆ. ಹೇಳಿದ್ದು ಸಿಟ್ಟಿಗೆ. ಕುಂಟೆಬಿಲ್ಲೆಯಲ್ಲಿ ಜಡಿಗೇನಹಳ್ಳಿಯಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಹದಿಮೂರಕ್ಕೆ ಮದುವೆ ಮಾಡಿ ಕಳಿಸಿದರು. ನೀನು ಏನು ಆಡುತ್ತಿದ್ದೆ ಅಂತ ಈ ಊರಿನಲ್ಲಿ ಆವತ್ತಿನ ತನಕ ಯಾರೂ ಕೇಳಿರಲಿಲ್ಲ. ಕೇಳಿದವಳು ಮಗಳ ಜಡೆ ಕಿತ್ತುಕೊಂಡವಳು. ಎರಡು ದಿನ ಬಿಟ್ಟು ನೋಡಿದರೆ ತಾಲ್ಲೂಕಿನ ಗೆರೆಯಾಚೆ, ದುಪ್ಪಟಿಯ ಕೊನೆಯಂಚಿನಲ್ಲಿ, ಒಂದು ಸಣ್ಣ ರೆಪ್ಪೆ ಹೊಲಿದಿದ್ದಳು. ಅದರ ಮೇಲೆ ಏನೂ ಇರಲಿಲ್ಲ. ನಾನು ನೋಡಿಯೂ ನೋಡದವಳ ಹಾಗೆ ಕಂಡಿಕೆ ಸುತ್ತಿದೆ.

ಆ ಬೇಸಿಗೆಯಲ್ಲಿ ಸುದ್ದಿ ಬಂತು. ಹುಡುಗಿಯರಿಗಾಗಿ ಸರ್ಕಾರದವರು ತಾಲ್ಲೂಕಿಗೆ ಒಂದು ಖೋಖೋ ಅಂಕಣ ಕೊಡುತ್ತಾರಂತೆ, ನೆಲ ಹದ ಮಾಡಿಸಿ ಕಂಬ ನೆಡಿಸುತ್ತಾರಂತೆ. ಎಲ್ಲಿ ಕೊಡಬೇಕು ಅಂತ ಯಾರಿಗೂ ಗೊತ್ತಿಲ್ಲ, ಟೀಚರಮ್ಮನ ನಕ್ಷೆ ನೋಡಿ ಸಾಹೇಬರು ಹೇಳುತ್ತಾರೆ ಅಂದರು. ನಕ್ಷೆ ನೋಡಿದರೆ ಹೇಳುವುದೇ ಬೇಡವಾಗಿತ್ತು. ನಮ್ಮ ಕೇರಿಯ ರೆಪ್ಪೆಯ ಮೇಲೆ ಹನ್ನೊಂದು ಹಸಿರು, ಎತ್ತಿದರೆ ಒಳಗೆ ಖಾಲಿ. ನಮ್ಮ ಕೇರಿಯ ಹುಡುಗಿಯರು ಬೀದಿಯಲ್ಲೇ ಆಡುತ್ತಿದ್ದರು. ಬಣ್ಣ ಹಾಕಿದ ನೂಲು ಒಣಗಲು ಹಾಕಿದ ದಿನ ಆಟವಿಲ್ಲ. ಕೇರಿಯ ಹಿಂದೆ ಬಯಲಿತ್ತು, ಆದರೆ ಬರೀ ಹಳ್ಳ ದಿಣ್ಣೆ, ಜಾಲಿ, ಆಡುವ ಹಾಗಿರಲಿಲ್ಲ.

ಮಗಳು ಊಟ ಬಿಟ್ಟು ಅದನ್ನೇ ಮಾತಾಡಿತು. "ಇಲ್ಲೇ ಹಿಂದುಗಡೆ ಅಮ್ಮ. ಟೀಚರು ಬೆಳಿಗ್ಗೆ ಸಂಜೆ ಹೇಳ್ಕೊಡ್ತಾರಂತೆ. ವರ್ಗಾನೂ ಬೇಡ ಅಂತಾರಂತೆ."

ಬೆಳಿಗ್ಗೆಯೂ ಅವಳೇ, ಸಂಜೆಯೂ ಅವಳೇ. ಅಂಕಣ ಹಿತ್ತಲಿಗೆ ಬಂದರೆ ಆ ಬೂಟು ನನ್ನ ಗೋಡೆ ಬಿಟ್ಟು ಇಳಿಯುವುದಿಲ್ಲ ಅಂದುಕೊಂಡೆ.

ಸಾಹೇಬರು ಬರುವ ದಿನ ಆಕೆ ಶಾಲೆಯಿಂದ ಮಧ್ಯಾಹ್ನ ಬಂದು, ನಕ್ಷೆ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋಗುವುದು ಅಂತಿತ್ತು. ನಮ್ಮ ಯಜಮಾನರು ಮಗ್ಗದ ಮುಂದಿದ್ದರು. ಆ ಸದ್ದಿನಲ್ಲಿ ಹಿತ್ತಲ ಕೋಣೆಯ ಬಾಗಿಲು ತೆಗೆದರೆ ಯಾರಿಗೆ ಕೇಳೀತು. ಕತ್ತರಿ ಸೊಂಟದಲ್ಲೇ ಇತ್ತು. ಆದರೆ ಎಳೆ ಕತ್ತರಿಸಲು ನನ್ನ ಕೈ ಬರಲಿಲ್ಲ. ನಮ್ಮ ಕೇರಿಯ ಹಸಿರು ಗಂಟುಗಳನ್ನು ಒಂದೊಂದಾಗಿ ಉಗುರಿನಲ್ಲಿ ಬಿಡಿಸಿದೆ. ನನ್ನ ಮಗಳದು ಯಾವುದು ಅಂತ ಗೊತ್ತಾಯಿತು, ಅವಳು ಗಂಟನ್ನು ಎಡಕ್ಕೆ ಹಾಕುತ್ತಾಳೆ. ಅದನ್ನೂ ಬಿಡಿಸಿದೆ. ಹನ್ನೊಂದೂ ಮುಗಿದ ಮೇಲೆ ರೆಪ್ಪೆಯ ಮೇಲೆ ಹಸಿರು ಒಂದೂ ಇರಲಿಲ್ಲ. ಎಳೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಕ್ಷೆಯನ್ನು ಇದ್ದ ಹಾಗೆ ಸುರುಳಿ ಸುತ್ತಿ ಬಂದೆ. ಸಂಜೆ ನೋಡಿದರೆ ಎಳೆ ಇರಲಿಲ್ಲ. ಪಾತ್ರೆ ತೊಳೆಯುವಾಗ ಮೋರಿಗೆ ಬಿತ್ತು ಅಂದುಕೊಂಡೆ.

ಕಚೇರಿಯಲ್ಲಿ ಆದದ್ದನ್ನು ಮಗಳು ಅಳುತ್ತಾ ಹೇಳಿದಳು. ಆತುರದಲ್ಲಿ ಆಕೆ ನಕ್ಷೆ ಬಿಚ್ಚಿ ನೋಡದೆ ಒಯ್ದಿದ್ದಳು. ಸಾಹೇಬರ ಮೇಜಿನ ಮೇಲೆ ಹರವಿದರೆ ನಮ್ಮ ಕೇರಿಯ ಮೇಲೆ ಒಂದೂ ಹಸಿರಿಲ್ಲ. "ಇಲಿ ಕಡಿದಿರ್ಬೇಕು ಸಾರ್. ಹನ್ನೊಂದಿತ್ತು" ಅಂದಳಂತೆ. ಕೆರೆಯಾಚೆಯ ಗೌಡರು ಅಲ್ಲೇ ಇದ್ದರು.

"ನಾನು ಬಾಯಲ್ಲಿ ಹೇಳಿದ್ರೆ ಸಾಲ್ದು, ಹುಡುಗೀರೇ ಗಂಟು ಹಾಕ್ಬೇಕು ಅಂದ್ರಿ. ಈಗ ನಿಮ್ಮ ಕೇರಿಗೆ ಬಾಯಿ ಮಾತು ನಡೀತದಾ ಟೀಚರಮ್ಮ?"

ಆಕೆ ನಕ್ಷೆ ಸುತ್ತಿಕೊಂಡಳಂತೆ. ತನ್ನ ನಿಯಮ ತನಗೇ ತಿರುಗಿ ಬಂತು. ಸಾಹೇಬರು ಅಲ್ಲೇ ಒಂಬತ್ತು ಹಸಿರಿನ ಊರನ್ನು ಬರೆದುಕೊಂಡರು, ಅಂಕಣ ಕೆರೆಯಾಚೆಗೆ ಹೋಯಿತು.

ಮಾರನೇ ದಿನ ಹನ್ನೊಂದು ಹುಡುಗಿಯರೂ ಹಿತ್ತಲಲ್ಲಿ ಕೂತು ಮುಖ ಊದಿಸಿಕೊಂಡಿದ್ದವು. ಮಗಳು ಕೇಳಿತು, "ಇಲಿ ಹಸಿರು ಮಾತ್ರ ಹೆಂಗೆ ಕಡೀತದೆ ಟೀಚರ್? ಪಕ್ಕದಲ್ಲೇ ಬಿಳಿ ಇತ್ತಲ್ಲ, ಅದು ಹಂಗೇ ಐತೆ."

ನಾನು ಒರಳಿನ ಮುಂದಿದ್ದೆ. ಕೈ ನಿಂತಿತು.

"ಹೊಟ್ಟೆ ಹಸಿದ ಇಲಿ ಏನು ನೋಡಿ ಕಡಿಯುತ್ತೆ ಅಂತ ನಮಗೇನು ಗೊತ್ತು? ಪಾಪ, ಬಿಡು" ಅಂದಳು ಆಕೆ. "ಆ ಊರು ಎಷ್ಟು ದೂರ, ಎರಡು ಮೈಲಿ. ನಾಳೆಯಿಂದ ಐದು ಗಂಟೆಗೆ ಎಲ್ಲರೂ ಇಲ್ಲಿರ್ಬೇಕು."

ಅಲ್ಲಿಗೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಹಿತ್ತಲಲ್ಲಿ ಅಂಕಣವಿದ್ದಿದ್ದರೆ ಮಗಳು ನನ್ನ ಕಣ್ಣಳತೆಯಲ್ಲಿ ಆಡುತ್ತಿದ್ದಳು. ಈಗ ದಿನಾ ಎರಡು ಮೈಲಿ ಹೋಗಿ ಎರಡು ಮೈಲಿ ಬರುವುದು, ದಾರಿಯುದ್ದ ಆಕೆಯ ಕೈಹಿಡಿದು, ಆಕೆಯ ಮಾತು ಕೇಳುತ್ತಾ. ಮನೆಗೆ ಬಂದರೆ ಆಕೆಯ ಹಾಗೆಯೇ ನಗುವುದು, ಆಕೆಯ ಹಾಗೆಯೇ "ಸರಿ, ಮುಂದೆ?" ಅನ್ನುವುದು. ಯಾರು ಬಿದ್ದರೂ, ಏನು ಕೆಟ್ಟರೂ ಆಕೆ ಅನ್ನುತ್ತಿದ್ದ ಮಾತು ಅದೊಂದೇ. ನನ್ನ ಕೈಯಾರೆ ಮಗಳನ್ನು ಆಕೆಗೆ ಒಪ್ಪಿಸಿದ್ದೆ.

ಮೂರು ವರ್ಷ ನಡೆದರು. ಮಳೆಯಲ್ಲೂ ನಡೆದರು. ಮಗಳು ಎರಡು ಸಲ ಜಿಲ್ಲೆಯ ಪರವಾಗಿ ಆಡಿದಳು. ಹನ್ನೊಂದರಲ್ಲಿ ಯಾರಿಗೂ ಹದಿನೆಂಟರ ಒಳಗೆ ಮದುವೆಯಾಗಲಿಲ್ಲ. ಗಂಡು ನೋಡಲು ಬಂದರೆ ಆಕೆ ಬೂಟು ಹಾಕಿಕೊಂಡು ಬಂದು ಜಗುಲಿಯ ಮೇಲೆ ಕೂರುತ್ತಿದ್ದಳು. ಬಂದವರಿಗೆ ಕಾಫಿ ಕುಡಿದು ಎದ್ದು ಹೋಗದೆ ಬೇರೆ ದಾರಿ ಇರುತ್ತಿರಲಿಲ್ಲ. ನಮ್ಮ ಯಜಮಾನರ ತಂಗಿ ಕಡೆಯಿಂದ ಮಗಳನ್ನು ಕೇಳಿದಾಗಲೂ ಹಾಗೇ ಕೂತಳು. ಆವತ್ತು ಬೈದೆ. ಆವತ್ತಿನ ಬೈಗುಳಕ್ಕೆ ಈಗ ನಾಚಿಕೆಯಾಗುತ್ತದೆ, ಯಾಕೆಂದರೆ ಒಳಗೊಳಗೇ ನನಗೂ ಅದೇ ಬೇಕಾಗಿತ್ತು.

ಆಮೇಲೆ ಆಕೆಗೆ ನೆಲಮಂಗಲದ ಕಡೆ ವರ್ಗವಾಯಿತು. ಹೋಗುವಾಗ ನನ್ನ ಬುಟ್ಟಿಯಿಂದ ಒಂದು ಹಿಡಿ ಎಳೆ ಕೇಳಿ ತೆಗೆದುಕೊಂಡಳು. "ನಿಮ್ಮ ಎಳೆ ಇಲ್ದೆ ಹೊಲಿಯೋಕೆ ಬರಲ್ಲ ಅಕ್ಕಾ" ಅಂದಳು. ಬಾಯಿಮಾತಿನ ಹೊಗಳಿಕೆ ಅಂದುಕೊಂಡು ನಾನು ನಂಬಲಿಲ್ಲ. ನಾಲ್ಕೈದು ಕಾಗದ ಬಂದವು, ಎಲ್ಲವೂ ಮಗಳ ಹೆಸರಿಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಆಕೆ ಹೋದಳು. ನಾಲ್ಕು ದಿನದ ಜ್ವರ, ಐದನೆಯ ದಿನ ಇಲ್ಲ. ನಲವತ್ತು ತುಂಬಿರಲಿಲ್ಲ. ನಕ್ಷೆ ನನ್ನ ಮಗಳಿಗೆ ಸೇರಬೇಕು ಅಂತ ಮೊದಲೇ ಹೇಳಿದ್ದಳಂತೆ, ಆಕೆಯ ತಂಗಿ ತಲುಪಿಸಿದಳು. ಮಗಳನ್ನು ಸೂಲಿಬೆಲೆಗೆ ಕೊಟ್ಟಿದ್ದೆ. ಅವಳು ಮಗುವನ್ನೂ ನಕ್ಷೆಯನ್ನೂ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಬಂದವಳು ನನ್ನ ಮುಂದೆ ಅಳಲಿಲ್ಲ. ಅಳುವುದಕ್ಕೆ ಹಿತ್ತಲ ಕೋಣೆಗೆ ಹೋದಳು. ಆಕೆ ಸತ್ತ ಮೇಲೂ ನನಗೆ ಸಂಕಟವಾಯಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು.

ಸಂಜೆ ಮಗಳು ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಳು. ಮೂರು ವರ್ಷದ ಮೊಮ್ಮಗಳು ನಡುಮನೆಯಲ್ಲಿ ನಕ್ಷೆ ಹರವಿಕೊಂಡು ಊರೂರಿನ ರೆಪ್ಪೆ ಎತ್ತಿ ಎತ್ತಿ ಬಿಡುತ್ತಿತ್ತು. ಕೊನೆಗೆ ಅಂಚಿಗೆ ಬಂತು. ತಾಲ್ಲೂಕಿನ ಆಚೆ ಇದ್ದ ಆ ಬೋಳು ರೆಪ್ಪೆ, ನನ್ನ ಜಡಿಗೇನಹಳ್ಳಿ. ಎತ್ತಿ, ಒಳಗೆ ಕೈಹಾಕಿ, ಪಿನ್ನು ಚುಚ್ಚಿದ್ದ ಏನನ್ನೋ ಎಳೆಯಿತು.

"ಅಜ್ಜಿ, ಚಿಟ್ಟೆ."

ಚಿಟ್ಟೆಯಲ್ಲ. ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ ಸುತ್ತಿ, ನಡುವೆ ಎರಡು ಸುತ್ತು ಬಿಗಿದ ಹಸಿರು ಎಳೆಗಳು. ಎಣಿಸಿದೆ, ಹನ್ನೊಂದು. ಆವತ್ತು ಕೋಣೆಯಲ್ಲಿ ನಿಂತು, ಕದ್ದ ಎಳೆಯನ್ನೂ ಸಿಕ್ಕಾಗಬಾರದು ಅಂತ ಸುತ್ತಿದ್ದೆ. ಕೈಗೆ ಅಭ್ಯಾಸ, ತಲೆಗೆ ಗೊತ್ತಾಗಲಿಲ್ಲ. ಅದು ಮೋರಿಗೆ ಬಿದ್ದಿರಲಿಲ್ಲ, ಆಕೆಯ ಬಾಗಿಲಲ್ಲೇ ಬಿದ್ದಿತ್ತು. ಇಲಿ ಹಾಗೆ ಸುತ್ತುವುದಿಲ್ಲ. ನಡುವಿನ ಎರಡು ಸುತ್ತು ಯಾರ ಕೈಯದು ಅಂತ ನಾನೇ ಹೇಳಿಕೊಟ್ಟಿದ್ದೆ. ಒರಳಿನ ಮುಂದೆ ನನ್ನ ಕೈ ನಿಂತ ದಿನವೇ ಆಕೆಗೆ ಎಲ್ಲ ಗೊತ್ತಿತ್ತು. ಆಮೇಲೆ ಮೂರು ವರ್ಷ ನನ್ನ ಮನೆಯ ಹಿಂದೆಯೇ ಇದ್ದಳು, ನನ್ನನ್ನು ಅಕ್ಕಾ ಅಂದಳು, ನನ್ನ ಕೈಯ ಸಾರು ಉಂಡಳು. ಮಗಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಗಳು ಪೂರ್ತಿ ಅವಳ ಪಾಲಾಗುತ್ತಿದ್ದಳು. ಹೇಳಲಿಲ್ಲ.

ಎಳೆಯನ್ನು ಮಗುವಿನ ಕೈಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನಾನೇ ಕೂತು ಹನ್ನೊಂದೂ ಕಟ್ಟಿಬಿಡಬಹುದಿತ್ತು, ಒಂದು ಗಳಿಗೆಯ ಕೆಲಸ. ಆದರೆ ಆಡಿದವರೇ ಗಂಟು ಹಾಕಬೇಕು.

ಮಾರನೇ ಬೆಳಿಗ್ಗೆ ಮಗಳು ಕಾಫಿ ಲೋಟ ಹಿಡಿದು ಜಗುಲಿಯ ಮೇಲೆ ಕೂತಿದ್ದಳು. ನಕ್ಷೆಯನ್ನು ಅವಳ ತೊಡೆಯ ಮೇಲೆ ಹಾಕಿ, ನಮ್ಮ ಕೇರಿಯ ರೆಪ್ಪೆ ತೋರಿಸಿ, ಒಂದು ಎಳೆ ಕೊಟ್ಟೆ.

"ಗಂಟು ಹಾಕು. ಇಲಿಯಲ್ಲ, ನಾನು ಬಿಚ್ಚಿದ್ದು."

ಲೋಟ ಕೆಳಗಿಟ್ಟಳು. ಎಳೆ ನೋಡಿದಳು, ನನ್ನ ಕೈ ನೋಡಿದಳು, ಮುಖ ನೋಡಲಿಲ್ಲ. ಎಡಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ಬಿಗಿದಳು. ಎದ್ದು ಒಳಗೆ ಹೋದಳು.

ಮಾತಾಡಲಿ ಅಂತ ನಾನು ಕಾಯಲಿಲ್ಲ. ನಕ್ಷೆಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದೆ. ಇನ್ನೂ ಹತ್ತು ಎಳೆ ಇದ್ದವು.