ಮೂರೇ ತಲೆಯ ಪದವಿ

ಮೊನ್ನೆ ಲಂಡನ್ನಿಗೆ ಟಿಕೆಟ್ ಬುಕ್ ಮಾಡಲು ಕೂತಿದ್ದೆ. ಹೆಸರಿಗೂ ಮುಂಚೆ ನನ್ನ ಬಿರುದು ಯಾವುದೆಂದು ವೆಬ್‌ಸೈಟು ಕೇಳಿತು. ಪಟ್ಟಿಯಲ್ಲಿ ಮಿಸ್ಟರ್, ಡಾಕ್ಟರ್ ದಾಟಿ ಕೆಳಗೆ ಹೋದರೆ 'ಸರ್' ಕೂಡ ಇತ್ತು. ಬೆರಳು ಅಲ್ಲೇ ನಿಂತಿತು. ನಗಬೇಡಿ, ಅದನ್ನು ಒತ್ತುವ ಆಸೆಯಿಂದಲ್ಲ. ಹ್ಯೂ ನೆನಪಾದರು.

ಹ್ಯೂ ಈ ಪರದೇಶದಲ್ಲಿ, ನಾವಿರುವ ರಾಂಚೊ ಬರ್ನಾರ್ಡೊ ಊರಿನಲ್ಲಿ, ನಮ್ಮ ಪಕ್ಕದ ಮನೆಯವರು. ಹುಟ್ಟಿದ್ದು ವೇಲ್ಸ್‌ನಲ್ಲಿ. ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ದುಡಿದು ರಿಟೈರ್ ಆಗಿ, ಹೆಂಡತಿ ತೀರಿಹೋದ ಮೇಲೆ ಇಲ್ಲಿಗೆ ಬಂದಿದ್ದರು. ನನ್ನ ಹೆಂಡತಿ ಕಳಿಸುತ್ತಿದ್ದ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಒಂದು ಸಂಜೆ ಅವರ ಹಿತ್ತಲಲ್ಲಿ ಕೂತು ನಮ್ಮ ಮನೆತನದ ದೇಸಗತಿಯ ಬಡಾಯಿ ಕೊಚ್ಚುತ್ತಿದ್ದೆ. ಹೊಲ, ವಾಡೆ ಎಲ್ಲ ಮುತ್ತಜ್ಜನ ಕಾಲಕ್ಕೇ ಹೋಗಿ, ಉಳಿದದ್ದು 'ದೇಸಾಯಿ' ಎಂಬ ಅಡ್ಡಹೆಸರೊಂದೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಿಡದ ವಂಶ ನಮ್ಮದು.

ಅದನ್ನು ಕೇಳಿ ಅವರೂ ತಮ್ಮದನ್ನು ಹೇಳಿದರು. ಕಲ್ಲಿದ್ದಲು ಹಡಗುಗಳ ಧಣಿಯಾಗಿದ್ದ ತಾತನಿಗೆ ರಾಜ ಬ್ಯಾರೊನೆಟ್ ಪದವಿ ಕೊಟ್ಟಿದ್ದನಂತೆ. ಹೆಸರಿಗೆ ಮೊದಲು 'ಸರ್' ಸೇರುತ್ತದೆ, ತಂದೆಯಿಂದ ಹಿರಿಯ ಮಗನಿಗೆ ಇಳಿಯುತ್ತದೆ. ತಾತ, ಅಪ್ಪ, ಆಮೇಲೆ ಇವರು. ಇವರಿಗೆ ಒಬ್ಬಳೇ ಮಗಳು. ಹೆಣ್ಣುಮಕ್ಕಳಿಗೆ ಅದು ಸಲ್ಲುವುದಿಲ್ಲ. ಮೂರೇ ತಲೆಗೆ ಮುಗಿಯಬೇಕು.

"ನಿಜಕ್ಕೂ ಅದು ನನ್ನ ಅಣ್ಣನಿಗೆ ಬರಬೇಕಿತ್ತು," ಎಂದರು. ಹತ್ತೊಂಬತ್ತರಲ್ಲೇ ಮೋಟಾರ್‌ಸೈಕಲ್ಲಿನಿಂದ ಬಿದ್ದು ಸತ್ತ ಅಣ್ಣ. ಅವನ ಹೆಸರನ್ನೂ ಹೇಳಿದರು. "ಅವನು ಸತ್ತದ್ದಕ್ಕೆ ನನಗೆ ಸಿಕ್ಕಿತು. ಒಂದು ದಿನವೂ ಹಾಕಿಕೊಂಡಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ, ಮಗಳಿಗೂ. ನಿಮ್ಮಲ್ಲೇ ಇರಲಿ."

ನನ್ನಲ್ಲಿ ಇರಲಿಲ್ಲ. ಆ ವರ್ಷ ನಾನು ಕನ್ನಡ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವದ ದಿನ ಮುಖ್ಯ ಅತಿಥಿ ಕೊನೆಗಳಿಗೆಯಲ್ಲಿ ಕೈಕೊಟ್ಟರು. ಸನ್ಮಾನವಿಲ್ಲದೆ ನಮ್ಮ ಸಭೆ ಮುಗಿಯುವುದುಂಟೆ? ಊಟಕ್ಕೆಂದು ಕರೆತಂದಿದ್ದ ಹ್ಯೂ ಅವರನ್ನೇ ವೇದಿಕೆ ಹತ್ತಿಸಿದೆ. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕಿನಲ್ಲಿ 'ಮೂರನೆಯ ಬ್ಯಾರೊನೆಟ್, ಸರ್ ಹ್ಯೂ' ಎಂದು ಘೋಷಿಸಿದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರು ಪೇಟ ತೆಗೆದು ಬುಟ್ಟಿಯ ಮೇಲಿಟ್ಟು ಕೆಳಗಿಳಿದರು.

ನಮ್ಮ ಕಾರಿನಲ್ಲೇ ಅವರನ್ನು ಮನೆಗೆ ತಂದುಬಿಟ್ಟೆ. ಅವರು ಇಳಿದುಹೋದ ಮೇಲೆ ಹೆಂಡತಿ, "ಯಾರಿಗೂ ಹೇಳಬ್ಯಾಡ್ರಿ ಅಂದಾರಂತ ನನಗ ನೀವಽ ಹೇಳಿದ್ರಿ. ಅಷ್ಟು ಮಂದ್ಯಾಗ ಯಾಕ ಹೇಳಿದ್ರಿ?" ಎಂದಳು.

"ಮರ್ಯಾದಿ ಮಾಡಿದ್ನಲ್ಲ."

"ನಿಮಗ ನೀವಽ ಮಾಡ್ಕೊಂಡ್ರಿ."

ಆಮೇಲೆ ಬೇಲಿಯಾಚೆಯಿಂದ ತಲೆಯಾಡಿಸುವುದಷ್ಟೇ ಉಳಿಯಿತು. ಕ್ಷಮೆ ಕೇಳಬೇಕು, ನಾಳೆ ಕೇಳೋಣ ಎನ್ನುತ್ತಲೇ ಎರಡು ವರ್ಷ ಕಳೆದೆ. ಅಷ್ಟರಲ್ಲಿ ಅವರೇ ತೀರಿಹೋದರು.

ಮನೆ ಖಾಲಿ ಮಾಡಲು ಬರ್ಬ್ಯಾಂಕಿನಿಂದ ಮಗಳು ಬಂದಳು. ಅವಳ ಮುಂದೆ ಎಲ್ಲವನ್ನೂ ಹೇಳಿ, ಕೊನೆಗೂ ಕ್ಷಮಿಸಿ ಎಂದೆ. ಪದವಿಯ ಮಾತು ಅವಳಿಗೆ ಕೇಳಿಸಿದಂತೆಯೇ ಕಾಣಲಿಲ್ಲ.

"ಅಪ್ಪನಿಗೆ ಅಣ್ಣ ಇದ್ದರಾ? ಅವರ ಹೆಸರೇನು?" ಎಂದಳು.

ಪದವಿ ಕೊಟ್ಟ ರಾಜನ ಹೆಸರು ನನಗೆ ನೆನಪಿತ್ತು. ತಾತನ ಹಡಗುಗಳೆಷ್ಟು ಎಂಬುದೂ. ಆ ಹುಡುಗನ ಹೆಸರು ಬಾಯಿಗೆ ಬರಲಿಲ್ಲ.

ಇವತ್ತಿಗೂ ಬಂದಿಲ್ಲ. ದಾಖಲೆಗಳನ್ನು ಹುಡುಕಿ ಅವಳು ಪತ್ತೆಮಾಡಿಕೊಂಡಿರಬಹುದು. ಆದರೆ ಹ್ಯೂ ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬನಿಗೆ. ನಾನು ಕೇಳಿಸಿಕೊಂಡದ್ದು 'ಸರ್' ಒಂದನ್ನೇ.