ತೆರೆ ಹಿಂದಕ್ಕೆ ಹೋದ ಸಿನಿಮಾ

ಹೋದ ತಿಂಗಳು ಕೇಣಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ವಿಡಿಯೋದವನ ಹೊಸ ದೀಪ ಕೈಕೊಟ್ಟಿತೆಂದು ಯಾರೋ ಅಟ್ಟದಿಂದ ಹಳೆಯ ಸನ್‌ಗನ್ ದೀಪ ಇಳಿಸಿ ತಂದರು. ಹಚ್ಚಿದ ಕೂಡಲೇ ಗಾಜಿನ ಮೇಲಿನ ಧೂಳು ಸುಟ್ಟು ಒಂದು ವಾಸನೆ ಎದ್ದಿತು. ಬೆಳಕಿಗೆ ಮದುಮಕ್ಕಳು ಕಣ್ಣು ಕಿರಿದು ಮಾಡಿದರು. ನನಗೆ ಮಾತ್ರ ಹೊಟ್ಟೆಯೊಳಗಿನ ಹಳೇ ಕಿಚ್ಚು ಹೊತ್ತಿಕೊಂಡಿತು. ಅದು ನನ್ನ ಭಾವನ ಅಂಗಿಯ ವಾಸನೆ... ಅಕ್ಕನ ಗಂಡ, ಕಾರವಾರದಿಂದ ಅಂಕೋಲೆಯವರೆಗೆ ಮದುವೆಗಳ ವಿಡಿಯೋ ತೆಗೆಯುತ್ತಿದ್ದ ಮನುಷ್ಯ.

ಕಿಚ್ಚಿನ ಮೂಲ ಹೇಳುವ ಮೊದಲು ನನ್ನ ಪ್ರತಾಪ ಹೇಳಬೇಕು. ದೇವರು ನನಗೆ ಹಂಚಿಕಡ್ಡಿಯಂಥ ದೇಹ ಕೊಟ್ಟು, ಪಾಪ ಅನ್ನಿಸಿರಬೇಕು, ಊರವರೆಲ್ಲರ ಗಂಟಲನ್ನೂ ಕೊಟ್ಟುಬಿಟ್ಟ. ಮೀನು ಮಾರುವವಳ ಕೂಗು, ಪೋಸ್ಟಿನವನ ಕೆಮ್ಮು, ಆಯಿಯ ಗೊಣಗಾಟ, ಹುಡುಗಿಯರೆದುರು ನಾನೇ ತೊದಲುವ ಚೆಂದ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಖಾಯಂ ಪ್ರೇಕ್ಷಕಿ ಅಕ್ಕ. ಅವಳು ಜಗುಲಿಯ ಕಂಬ ಹಿಡಿದು ನಗುತ್ತ, “ಸಾಕೋ ತಮಾ, ಹೊಟ್ಟೆ ಹಿಡ್ಕಂತು” ಅಂದರೆ ನನಗೆ ಅದೇ ಊಟ, ಅದೇ ಸನ್ಮಾನ.

ಮದುವೆಯಾಗಿ ಅಕ್ಕ ಹೋದದ್ದು ದೂರವೇನಲ್ಲ. ನಾವು ಕಾರವಾರದಲ್ಲಿ, ಅವಳು ಅಂಕೋಲೆಯಲ್ಲಿ. ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದಾರಿ. ಮೊದಲ ರವಿವಾರವೇ ನಕಲಿನ ಹೊಸ ಸರಕು ಕಟ್ಟಿಕೊಂಡು ಹೋದೆ. ಕೇಬಲ್ಲಿನಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ಮುಂದೆ ಯಾವಾಗಲೋ ನಡೆಯುವ ಕಥೆ; ಹಾರುವ ಕಾರು, ಬಂದೂಕು ಹಿಡಿದ ಯಂತ್ರಮನುಷ್ಯರು. ಯಾರಿಗೂ ಭಾಷೆ ಅರ್ಥವಾಗುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಯಂತ್ರಮನುಷ್ಯ ಬಾಯಿ ತೆರೆದಾಗ ನಾನು ಮೀನಿನವಳ ದನಿ ತೆಗೆದೆ: “ತಾಜಾ ಬಂಗಡೆ! ತಕಂತ್ಯಾ, ಇಲ್ಲಾ ಗುಂಡು ಹೊಡೀಲಾ?”

ಅಕ್ಕ ನಗಲು ಶುರು ಮಾಡಿದ್ದಳಷ್ಟೇ. ಭಾವ ರಿಮೋಟು ಒತ್ತಿ ಟಿ.ವಿ.ಯ ಬಾಯಿ ಮುಚ್ಚಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ ನನ್ನ ಕಡೆ ತಿರುಗಿ, “ತಮಾ, ನಿಂದೂ ಒಂಚೂರು” ಎಂದರು.

“ಈಗ ಬರೀ ಚಿತ್ರ ನೋಡಿ” ಎಂದು ಭಾವನೇ ಎಲ್ಲರಿಗೂ ಪರದೆ ತೋರಿಸಿದರು. “ಈ ಹೀರೋನ ಮನೆಯೊಳಗೆ ಎಲ್ಲ ಹಳದಿ ಇತ್ತು. ಈ ಕಟ್ಟಡದೊಳಗೆ ಹೊಕ್ಕ ಕೂಡ್ಲೆ ನೀಲಿ ಆಯ್ತಲ್ಲ? ಅವನಿಗೆ ಚಳಿ ಅಂತ ಯಾರೂ ಹೇಳ್ಲಿಲ್ಲ, ಆದ್ರೂ ನಮಗೆ ಚಳಿ ಆಗ್ತದೆ. ಕ್ಯಾಮೆರಾ ಓರೆ ಆಯ್ತು ನೋಡಿ. ಈಗ ಅವನ ದೋಸ್ತ ಮೋಸ ಮಾಡ್ತಾನೆ.”

ದೋಸ್ತ ಮೋಸ ಮಾಡಿಯೇಬಿಟ್ಟ, ದರಿದ್ರದವನು. ನನ್ನ ಮಾನಕ್ಕಾಗಿಯಾದರೂ ಒಂದು ಗಳಿಗೆ ತಡೆಯಬಹುದಿತ್ತು. ಅಕ್ಕ ಉಸಿರು ಹಿಡಿದು ಕೂತಿದ್ದಳು. ಅಷ್ಟು ವರ್ಷ ನಾನು ಅವಳನ್ನು ನಗಿಸಿದ್ದೆ. ಉಸಿರು ಹಿಡಿಸಲು ಒಂದು ಸಲವೂ ಆಗಿರಲಿಲ್ಲ. ಅವತ್ತು ಬಡಿಸಿದ ಸಾರು ಹೇಗಿತ್ತೋ ನೆನಪಿಲ್ಲ... ಉರಿ ಮಾತ್ರ ನೆನಪಿದೆ.

ಕಳೆದುಕೊಂಡ ರಾಜ್ಯ ಗೆಲ್ಲಬೇಕಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವ, ನಮ್ಮ ಬಾಯಲ್ಲಿ ಗ್ಯಾದರಿಂಗ್, ಬಂತು. “ಭಾವಾ, ಒಂದು ಸಿನಿಮಾ ಮಾಡ್ವಾ, ಅಂಥದ್ದೇ” ಎಂದೆ. ಕಥೆ ನನ್ನದು: ಕಾಲವನ್ನೇ ಕದ್ದು ಓಡಿಬಂದ ಕಳ್ಳನೊಬ್ಬನನ್ನು ಹಿಡಿಯಲು ಭವಿಷ್ಯದ ಪೊಲೀಸನೊಬ್ಬ ನಮ್ಮ ಕಡಲತಡಿಗೆ ಬರುತ್ತಾನೆ. ಪೊಲೀಸ ನಾನು, ಕಳ್ಳ ನನ್ನ ಗೆಳೆಯ. ಪೊಲೀಸ, ವಿಜ್ಞಾನಿ, ಕಂಪ್ಯೂಟರು ಮೂವರ ದನಿಯೂ ನನ್ನದೇ. ಅಕ್ಕ ಎದುರಿಗೆ ಕೂತು ಕುರ್ಚಿಯ ಕೈ ಹಿಡಿದು ನಗಬೇಕು. ಪಕ್ಕದಲ್ಲಿ ಭಾವ ಪೆಚ್ಚಾಗಿ ಕೂತಿರಬೇಕು. ಇಡೀ ಸಿನಿಮಾದ ಉದ್ದೇಶ ಇಷ್ಟೇ ಆಗಿತ್ತು.

ಭಾವ ಮರುಮಾತಿಲ್ಲದೆ ಒಪ್ಪಿದರು. ತೋಡೂರಿನ ಹತ್ತಿರ ಗುಡ್ಡ ಕಡಿದು ಸಪಾಟು ಮಾಡಿದ್ದ ಕೆಂಪು ನೆಲದಲ್ಲಿ ನನ್ನನ್ನು ನಿಲ್ಲಿಸಿ, ರಸ್ತೆ ಕಾಣದ ಹಾಗೆ ಕ್ಯಾಮೆರಾ ಇಟ್ಟರು. ಅದು ಬೇರೆ ಗ್ರಹವಾಯಿತು. ಕೇಣಿಯಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಕೆಳಗೆ ಅಂಗಾತ ಮಲಗಿ ಅದರ ಹೊಟ್ಟೆಯನ್ನು ತೆಗೆದರು, ಅದು ಆಕಾಶನೌಕೆಯಾಯಿತು. ಲೋಭಾನದ ಹೊಗೆಯ ಹಿಂದೆ ಸನ್‌ಗನ್ ಇಟ್ಟಾಗ ನನ್ನಂಥ ಕಡ್ಡಿಗೂ ಒಂದು ಭುಜ ಬಂತು. ಬೆಳ್ಳಿಕಾಗದ ಸುತ್ತಿದ ಸ್ಕೂಟರ್ ಹೆಲ್ಮೆಟ್ಟು ನನ್ನ ಕಿರೀಟ. ಅದರ ಕಪ್ಪು ಗಾಜು ಇಳಿಸಿದರೆ ಒಳಗಿರುವುದು ನಾನೋ ಕುಂಬಳಕಾಯಿಯೋ ಯಾರಿಗೂ ತಿಳಿಯುತ್ತಿರಲಿಲ್ಲ.

ಆಮೇಲೆ ನನ್ನನ್ನು ಬಿಸಿಲಿಗೆ ಬಿಟ್ಟು ಸಮುದ್ರವನ್ನು ತೆಗೆಯುತ್ತ ಕೂತರು.

“ಇದೆಂತಕೆ ಭಾವಾ?”

“ಉಲ್ಟಾ ಓಡಿಸ್ತೆ. ಕಾಲ ಹಿಂದೆ ಹೋಯ್ತು ಅಂತ ನೀ ಹೇಳೋದು ಬೇಡ ತಮಾ. ತೆರೆನೇ ಹೇಳ್ತದೆ.”

ಮೂರು ದನಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ನನ್ನ ಇಡೀ ಭಾಷಣ ಹೀಗೆ ಅರಬ್ಬೀ ಸಮುದ್ರದ ಪಾಲಾಯಿತು.

ಗ್ಯಾದರಿಂಗಿನ ದಿನ ಅಕ್ಕನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಭಾವ. ಕೊನೆಯಲ್ಲಿ ಕಳ್ಳನಿಗೆ ಗುಂಡು ತಗುಲಿ ಅವನು ನೀಲಿ ಬೆಳಕಿನಲ್ಲಿ ಮೆಲ್ಲಮೆಲ್ಲಗೆ ಬೀಳತೊಡಗಿದಾಗ, ಪರದೆಯ ಮೇಲಿಂದ ಗುಲಾಬಿ ಪಕಳೆ ಉದುರಿದವು! ಮದುಮಕ್ಕಳು ಹಾರ ಬದಲಿಸುವಾಗ ವಿಡಿಯೋದಲ್ಲಿ ಉದುರುತ್ತಿದ್ದವಲ್ಲ, ಅವೇ. ಚಿತ್ರ ಜೋಡಿಸಿ ಮಿಕ್ಸಿಂಗ್ ಮಾಡುವಾಗ ಭಾವನ ಕೈ ಅಭ್ಯಾಸಬಲದಿಂದ ಅದೇ ಗುಂಡಿ ಒತ್ತಿತ್ತು. ಭಾವ “ಅರೇ” ಎಂದು ಹಣೆ ಮುಟ್ಟಿಕೊಂಡರು. ನನ್ನ ಎದೆಯಲ್ಲಿ ಡೋಲು ಮೊಳಗಿತು. ಸತ್ತಿರಿ ಭಾವ! ನಾಳೆಯಿಂದ ಊರೆಲ್ಲ ನಿಮ್ಮ ನಕಲು ಮಾಡುತ್ತೇನೆ!

ಒಬ್ಬರೂ ನಗಲಿಲ್ಲ. ನೀಲಿಯೊಳಗೆ ಕೆಂಪು ಪಕಳೆ, ಅವುಗಳ ಕೆಳಗೆ ಬೀಳುತ್ತಲೇ ಇರುವ ಹುಡುಗ. ಹಿಂದೆ ಯಾರೋ ಹೆಂಗಸು, “ಅಯ್ಯೋ ಪಾಪ, ಮಗು” ಎಂದಳು, ಕಳ್ಳನಿಗೆ! ಆಮೇಲೆ ತೆರೆ ಹಿಂದಕ್ಕೆ ಸರಿಯತೊಡಗಿತು. ನೊರೆ ಮರಳಿನಿಂದ ಎದ್ದು, ಮಡಚಿಕೊಂಡು, ಸಮುದ್ರದೊಳಗೆ ಮರಳಿತು. ನಾನು ಅಕ್ಕನನ್ನು ನೋಡಿದೆ. ಅವಳ ಕೈ ಭಾವನ ಮುಂಗೈ ಮೇಲಿತ್ತು.

ಹೊರಗೆ ಬಂದ ಮೇಲೆ, “ಗನಾ ಆಯ್ತಲೋ” ಎಂದು ಅಕ್ಕ ಮೆಚ್ಚಿದಳು.

“ನಾ ಹೆಂಗೆ ಮಾಡ್ದೆ?”

“ನೀನಾ? ನೀ ಹೆಲ್ಮೆಟ್ಟಿನೊಳಗಿದ್ಯಲ್ಲೋ ಮಾರಾಯಾ.”

ಮುಂದಿನ ರವಿವಾರಗಳಲ್ಲಿ ಭಾವನನ್ನೇ ನಕಲು ಮಾಡಿದೆ. ಒಂದು ಕಣ್ಣು ಮುಚ್ಚಿ, ಬೆರಳುಗಳಲ್ಲಿ ಚೌಕಟ್ಟು ಕಟ್ಟಿ, ಸಾರಿನ ಬೋಗುಣಿಯನ್ನೂ ಅದರೊಳಗಿಂದ ನೋಡುವ ಅವರ ರೀತಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಸಿಟ್ಟಾದರೂ ಮಾಡಿಕೊಂಡಿದ್ದರೆ ನನಗೊಂದು ಸಮಾಧಾನವಿರುತ್ತಿತ್ತು.

ಒಂದು ದಿನ ರಾಮನಗುಳಿಯಲ್ಲಿ ಮದುವೆ ಮುಗಿಸಿ ಮಧ್ಯಾಹ್ನ ಬೈಕು ಹತ್ತಿದ ಭಾವ... ಮನೆ ಮುಟ್ಟಲಿಲ್ಲ. ತಿರುವು, ಲಾರಿ. ಅದಕ್ಕಿಂತ ಹೆಚ್ಚು ನಾನು ಕೇಳಲೂ ಇಲ್ಲ. ಆಮೇಲೆ ಎಷ್ಟೋ ದಿನ ಅಕ್ಕನೆದುರು ನನ್ನ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ.

ಹೋದ ತಿಂಗಳು ಕೇಣಿಯ ಆ ಮದುವೆಯಿಂದ ನೇರ ಅಕ್ಕನ ಮನೆಗೆ ಹೋದೆ. ದನಿ ಮುಚ್ಚಿದ ಟಿ.ವಿ.ಯಲ್ಲಿ ನಮ್ಮ ಸಿನಿಮಾದ ಸಿ.ಡಿ. ಓಡುತ್ತಿತ್ತು. ಅಂತೂ ನನ್ನನ್ನು ನೋಡುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿ ಪಕ್ಕದಲ್ಲಿ ಕೂತೆ. ಪರದೆ ತುಂಬ ನನ್ನ ಹೆಲ್ಮೆಟ್ಟು ಬಂದಾಗ ಅವಳು ಚಿತ್ರ ನಿಲ್ಲಿಸಿ, ಎದ್ದು ಹೋಗಿ, ಹೆಲ್ಮೆಟ್ಟಿನ ಕಪ್ಪು ಗಾಜಿನ ಮೇಲೆ ಬೆರಳಿಟ್ಟಳು.

ಅಲ್ಲಿ, ಆ ಗಾಜಿನ ಪ್ರತಿಬಿಂಬದಲ್ಲಿ, ಕಡಲೆಕಾಳಿನಷ್ಟು ಒಬ್ಬ ಮನುಷ್ಯನಿದ್ದ. ಮರಳಿನಲ್ಲಿ ಮೊಣಕಾಲೂರಿ, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಕೂತಿದ್ದ. ಇಷ್ಟು ವರ್ಷ ಆ ಗಾಜಿನಲ್ಲಿ ನಾನು ನನ್ನ ಮುಖ ಹುಡುಕಿದ್ದೆ. ನನ್ನ ಮುಖ ಇರಬೇಕಾದ ಜಾಗದಲ್ಲಿ ಭಾವ ಕೂತಿದ್ದರು.

ಅಕ್ಕ ಚಿತ್ರವನ್ನು ಒಂದಿಷ್ಟೇ ಮುಂದೆ ಬಿಟ್ಟಳು. ಹೆಲ್ಮೆಟ್ಟು ಅಲುಗಿತು, ಭಾವ ಕದಡಿಹೋದರು. ಅವಳು ಮತ್ತೆ ಹಿಂದಕ್ಕೆ ತಂದಳು.

“ಒಂಚೂರು ಸುಮ್ನೆ ನಿಂತಿದ್ರೆ ಎಂತಾ ಆಗ್ತಿತ್ತೋ ತಮಾ ನಿಂಗೆ” ಎಂದಳು, ನನ್ನ ಕಡೆ ನೋಡದೆ.