ಎರಡು ಈಕ್ವಲ್ಸ್

ನಲವತ್ತಾರನೇ ವಯಸ್ಸಿನಲ್ಲಿ ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಜಾವಾ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಸುಲ್ತಾನ್‌ಪೇಟೆಯ ನಮ್ಮ ಲಗ್ನಪತ್ರಿಕೆ ಅಂಗಡಿಗೆಂದು ಒಂದು ದಿನ ಪುಟ್ಟ ಪ್ರೋಗ್ರಾಂ ಬರೆದೆ. ಹೆಣ್ಣಿನ ಕಡೆಯವರಾದರೆ ಒಂದು ಒಕ್ಕಣೆ, ಇಲ್ಲದಿದ್ದರೆ ಗಂಡಿನ ಕಡೆಯದು ಬರಬೇಕು. ಏನು ಕೊಟ್ಟರೂ ಹೆಣ್ಣಿನ ಕಡೆಯದೇ ಬಂತು. ಬೆಂಚಿನ ಎರಡೂ ಪಕ್ಕ ಕಾಲೇಜು ಹುಡುಗಿಯರು ಕೂತಿದ್ದರು. ಎದ್ದು ಹೋಗಲು ದಾರಿಯಿಲ್ಲ, ಕೇಳಲು ನಾಚಿಕೆ. ಒಂದು ಗಂಟೆ ಬೆವರುತ್ತಾ ಅದನ್ನೇ ಓಡಿಸಿದೆ.

ಕೊನೆಗೆ ಮೇಷ್ಟ್ರೇ ಬಂದು ಬಗ್ಗಿ ನೋಡಿದರು. “ಮೇಡಂ, ಷರತ್ತು ಹಾಕೋ ಇಫ್ ಒಳಗೆ ಒಂದೇ ಈಕ್ವಲ್ಸ್ ಗುರುತು ಹಾಕಿದೀರ. ಹೆಣ್ಣಿನ ಕಡೆ ಅಂತ ನೀವೇ ಹೇಳ್ಬಿಟ್ಟಂಗಾಯ್ತು. ಹೌದಾ ಅಂತ ಕೇಳ್ಬೇಕಂದ್ರೆ ಎರಡು ಹಾಕಿ.”

ಇನ್ನೊಂದು ಈಕ್ವಲ್ಸ್ ಒತ್ತಿ, ಗಂಡಿನ ಕಡೆ ಎಂದು ಕೊಟ್ಟು ಓಡಿಸಿದೆ. ಗಂಡಿನ ಕಡೆಯ ಒಕ್ಕಣೆ ಬಂತು.

“ಆಗ್ಲೇ ಕರೀಬೋದಿತ್ತಲ್ಲ” ಎಂದರು.

ನಾನು ನೀರು ಕುಡಿದೆ. ಪಕ್ಕದ ಹುಡುಗಿ ಸದ್ದಿಲ್ಲದೆ ತನ್ನ ಪ್ರೋಗ್ರಾಮಿಗೂ ಇನ್ನೊಂದು ಈಕ್ವಲ್ಸ್ ಸೇರಿಸುತ್ತಿದ್ದಳು.